ಸೋಲಿಸಿದ, ಆದರೂ ಸೋತ

ಗೆಳೆಯನೊಬ್ಬ ಯುದ್ಧದ ಇತಿಹಾಸದ ಬಗ್ಗೆ ಒಂದು ಇಂಗ್ಲಿಷ್ ಲೇಖನ ಕಳಿಸಿ, ‘ಸುಮ್ನೆ ಕೂತಿದ್ದೀಯಲ್ಲ, ಇದನ್ನ ಕನ್ನಡಕ್ಕೆ ಮಾಡಿಕೊಡು’ ಅಂದ. ಹತ್ತು ಪುಟ. ನೆಪೋಲಿಯನ್‌ನ 1814ರ ಕದನಗಳ ಕತೆ. ಎರಡು ಸಂಜೆಯ ಕೆಲಸ ಅಂದುಕೊಂಡೆ. ಎಂಟು ಪುಟ ಸಲೀಸಾಗಿ ಹೋಯಿತು. ಒಂಬತ್ತನೇ ಪುಟದಲ್ಲಿ ಒಂದು ಸಾಲು ಸಿಕ್ಕಿತು. ನೆಪೋಲಿಯನ್ ಆ ಚಳಿಗಾಲದಲ್ಲಿ ತನ್ನ ಎದುರಾಳಿಗಳನ್ನು ಮತ್ತೆ ಮತ್ತೆ ‘ಔಟ್‌ಜನರಲ್’ ಮಾಡಿದ, ಆದರೂ ಸೋತ ಅನ್ನುವ ಅರ್ಥದ ಸಾಲು. ರಾತ್ರಿ ಹನ್ನೊಂದು ದಾಟಿತ್ತು. ‘ಸೋಲಿಸಿದ, ಆದರೂ ಸೋತ’ ಅಂತ ಬರೆದು ಮಲಗಿಬಿಟ್ಟೆ.

ಮರುದಿನ ಅವನ ಫೋನು. ‘ಸೋಲಿಸಿದವನು ಸೋತದ್ದು ಹೇಗಯ್ಯಾ? ಓದುವವರು ನನ್ನನ್ನ ಬೈಯ್ತಾರೆ.’ ನಾನು ಸಮಜಾಯಿಷಿ ಕೊಡಲು ಹೋದೆ. ಅದು ಸೋಲಿಸಿದ ಅಂತ ಅಲ್ಲ, ಒಂಥರಾ ಮೀರಿಸಿದ ಅಂತ, ಆದರೆ ಬರೀ ಮೀರಿಸಿದ್ದೂ ಅಲ್ಲ, ದಂಡು ನಡೆಸೋದರಲ್ಲಿ ಮೀರಿಸಿದ್ದು... ಅವನು ತಡೆದು ಕೇಳಿದ: ‘ನಿನಗೇ ಗೊತ್ತಿಲ್ಲ, ಅಲ್ವಾ?’

ಗೊತ್ತಿರಲಿಲ್ಲ. ಇನ್ನೊಂದು ತಪ್ಪನ್ನೂ ಒಪ್ಪಿಕೊಂಡುಬಿಡುತ್ತೇನೆ. ಎಷ್ಟೋ ವರ್ಷಗಳ ಹಿಂದೆ ಈ ಪದವನ್ನು ಮೊದಲ ಸಲ ನೋಡಿದಾಗ ‘ಔಟ್ ಆದ ಜನರಲ್’, ಅಂದರೆ ನಿವೃತ್ತಿಯಾದವನೋ ಕೆಲಸದಿಂದ ತೆಗೆದುಹಾಕಿದವನೋ ಇರಬೇಕು ಅಂದುಕೊಂಡಿದ್ದೆ. ಕ್ರಿಕೆಟ್ ನೋಡಿ ಬೆಳೆದ ಕಿವಿಗೆ ‘ಔಟ್’ ಅಂದರೆ ಬೇರೆ ಏನು ಹೊಳೆಯುತ್ತೆ?

ಇಂಗ್ಲಿಷಿನಲ್ಲಿ ‘ಔಟ್’ ಅನ್ನೋದನ್ನ ಪದದ ಮುಂದೆ ಅಂಟಿಸಿದರೆ ‘ಅದರಲ್ಲಿ ಇನ್ನೊಬ್ಬರಿಗಿಂತ ಮುಂದೆ ಹೋಗು’ ಅಂತ ಅರ್ಥ ಬರುತ್ತದೆ. ಓಟದಲ್ಲಿ ಮುಂದೆ ಹೋದರೆ ಔಟ್‌ರನ್. ಇನ್ನೊಬ್ಬರು ಸತ್ತ ಮೇಲೂ ಬದುಕಿದ್ದರೆ ಔಟ್‌ಲಿವ್. ಜಾಣತನದಲ್ಲಾದರೆ ಔಟ್‌ವಿಟ್. ಇವೆಲ್ಲ ಸುಲಭ. ಮಜಾ ಇರೋದು ಈ ‘ಔಟ್’ ಅನ್ನು ಮನುಷ್ಯರಿಗೇ ಅಂಟಿಸಿದಾಗ. ಶೇಕ್ಸ್‌ಪಿಯರ್‌ನ ಹ್ಯಾಮ್ಲೆಟ್, ವೇದಿಕೆಯ ಮೇಲೆ ಗಂಟಲು ಹರಿದುಕೊಳ್ಳುವ ನಟರನ್ನು ಬೈಯುವಾಗ, ಇಂಥವರು ಹೆರೋಡ್ ರಾಜನನ್ನೇ ‘ಔಟ್‌ಹೆರೋಡ್’ ಮಾಡುತ್ತಾರೆ ಅನ್ನುತ್ತಾನೆ. ಹಳೆಯ ನಾಟಕಗಳಲ್ಲಿ ಹೆರೋಡ್ ಅಂದರೆ ಅಬ್ಬರಿಸುವ ಪಾತ್ರ. ಅಬ್ಬರದಲ್ಲಿ ಹೆರೋಡನಿಗೇ ಹೆರೋಡನಾಗೋದು. ಔಟ್‌ಜನರಲ್ ಅನ್ನೋದೂ ಈ ಜಾತಿಯದೇ. ಎದುರಿಗಿರುವ ಜನರಲ್‌ಗಿಂತ ಹೆಚ್ಚಿನ ಜನರಲ್ ಆಗೋದು. 18ನೇ ಶತಮಾನದಲ್ಲಿ ಬಳಕೆಗೆ ಬಂದ ಪದ. ಯುರೋಪಿನ ಸೇನೆಗಳು ವರ್ಷಕ್ಕೊಂದು ಯುದ್ಧ ಮಾಡುತ್ತಾ, ಯಾರ ಸೇನಾಪತಿ ಹೆಚ್ಚು ಅಂತ ಪತ್ರಿಕೆಗಳಲ್ಲಿ ವಾದ ಮಾಡುತ್ತಿದ್ದ ಕಾಲ ಅದು.

ಇನ್ನು ‘ಜನರಲ್’. ಈ ಪದ ಮೊದಲು ಹುದ್ದೆಯ ಹೆಸರೇ ಆಗಿರಲಿಲ್ಲ, ಬರೀ ವಿಶೇಷಣ. ‘ಕ್ಯಾಪ್ಟನ್ ಜನರಲ್’ ಅನ್ನುತ್ತಿದ್ದರು. ಒಂದು ತುಕಡಿಗಲ್ಲ, ಇಡೀ ಸೇನೆಗೆ ನಾಯಕ ಅಂತ. ಬರುಬರುತ್ತಾ ‘ಕ್ಯಾಪ್ಟನ್’ ಉದುರಿ ‘ಜನರಲ್’ ಉಳಿಯಿತು. ಸೇನೆಯಲ್ಲಿ ಮೇಜರ್ ದೊಡ್ಡವನು, ಲೆಫ್ಟಿನೆಂಟ್ ಚಿಕ್ಕವನು. ಆದರೆ ಮೇಜರ್ ಜನರಲ್‌ಗಿಂತ ಲೆಫ್ಟಿನೆಂಟ್ ಜನರಲ್ ದೊಡ್ಡವನು. ಈ ತಲೆಕೆಳಗಿನ ಲೆಕ್ಕವೂ ಇಂಥದೇ ಉದುರುವಿಕೆಯಿಂದ ಬಂದದ್ದು. ಮೇಜರ್ ಜನರಲ್ ಮೊದಲು ‘ಸಾರ್ಜೆಂಟ್ ಮೇಜರ್ ಜನರಲ್’ ಆಗಿದ್ದ. ಸಾರ್ಜೆಂಟ್ ಬಿದ್ದುಹೋದ. ಇದನ್ನ ಗೆಳೆಯನಿಗೆ ಹೇಳಿದಾಗ ‘ಹತ್ತು ಪುಟ ಯಾವಾಗ ಕೊಡ್ತೀಯ’ ಅಂತ ಕೇಳಿದ.

ಆದರೆ ನನಗೆ ಆ ಉದುರಿಹೋದ ಅರ್ಥದಲ್ಲೇ ಕೀಲಿ ಇದೆ ಅನಿಸಿತು. ಜನರಲ್ ಅಂದರೆ ಇಡಿಯನ್ನು ನೋಡುವವನು. ದಾರಿ, ನೀರು, ಕಾಳು, ಕುದುರೆ, ಮಳೆ, ಎದುರಿಗಿರುವವನ ಸಿಟ್ಟು, ತನ್ನವರ ಸುಸ್ತು, ಎಲ್ಲ ಸೇರಿದ ಇಡಿ. ಇದನ್ನ ಇಟ್ಟುಕೊಂಡು ನೋಡಿದರೆ ಔಟ್‌ಜನರಲ್‌ನ ಅಣ್ಣತಮ್ಮಂದಿರು ಬೇರೆ ಬೇರೆಯಾಗಿ ಕಾಣುತ್ತಾರೆ. ಜನಬಲದಲ್ಲಿ ಮೀರಿದರೆ ಔಟ್‌ನಂಬರ್. ತೋಪು ಬಂದೂಕಿನಲ್ಲಾದರೆ ಔಟ್‌ಗನ್. ಪಕ್ಕದಿಂದ ಸುತ್ತಿ ಬಂದರೆ ಔಟ್‌ಫ್ಲಾಂಕ್. ಹುದ್ದೆಯಲ್ಲಿ ಮೇಲಿದ್ದರೆ ಔಟ್‌ರ್ಯಾಂಕ್. ಕೊನೆಯದನ್ನೂ ಔಟ್‌ಜನರಲ್ಲನ್ನೂ ಗೊಂದಲ ಮಾಡಿಕೊಳ್ಳುವವರು ಇದ್ದಾರೆ, ಆದರೆ ಎರಡಕ್ಕೂ ನೆಂಟಸ್ತನ ಕಡಿಮೆ. ಕರ್ನಲ್ ಒಬ್ಬ ಜನರಲ್ ಒಬ್ಬನನ್ನು ಔಟ್‌ಜನರಲ್ ಮಾಡಬಹುದು. ಭುಜದ ಮೇಲಿನ ನಕ್ಷತ್ರ ಎಣಿಸುವ ಪದ ಅಲ್ಲ ಇದು.

ಹಾಗಾದರೆ ಕನ್ನಡದಲ್ಲಿ? ನಾಮಪದಕ್ಕೆ ‘ಇಸು’ ಸೇರಿಸಿ ಕ್ರಿಯಾಪದ ಮಾಡುವ ಅಭ್ಯಾಸ ನಮಗೂ ಇದೆ. ಪ್ರೀತಿಯಿಂದ ಪ್ರೀತಿಸು ಬಂತು. ಜನರಲಿಸು? ದಂಡನಾಯಕಿಸು? ಬರೆದು ನೋಡಿ ನಾನೇ ನಕ್ಕೆ. ಸೇನಾಪತಿಗಳಿಗೆ ಹೆಸರು ನಮ್ಮಲ್ಲಿ ಬೇಕಾದಷ್ಟಿವೆ. ಹಳಗನ್ನಡದ ಪಡೆವಳ, ಶಾಸನಗಳ ದಂಡನಾಯಕ, ಅದೇ ಸವೆದು ಆದ ದಣ್ಣಾಯಕ, ಮೈಸೂರಿನ ದಳವಾಯಿ. ಆದರೆ ಇವರಲ್ಲಿ ಯಾರೂ ಕ್ರಿಯಾಪದ ಆಗಲು ಒಪ್ಪಲಿಲ್ಲ.

‘ಮೀರಿಸು’ ಅನ್ನೋದು ಒಳ್ಳೆಯ ಪದ. ಅದರ ಅಣ್ಣ ‘ಮೀರು’ ಸ್ವಲ್ಪ ಪುಂಡ. ಅಪ್ಪನ ಮಾತು ಮೀರಿದ ಅಂದರೆ ಬೈಗುಳ. ಅಪ್ಪನನ್ನು ಮೀರಿಸಿದ ಅಂದರೆ ಹೊಗಳಿಕೆ. ಆದರೆ ಮೀರಿಸೋದಕ್ಕೆ ಇಬ್ಬರೂ ಎದುರುಬದುರು ನಿಂತಿರಬೇಕಾಗಿಲ್ಲ. ಮಗ ಅಪ್ಪ ಸತ್ತ ಎಷ್ಟೋ ವರ್ಷದ ಮೇಲೂ ಮೀರಿಸಬಹುದು. ಔಟ್‌ಜನರಲ್ ಮಾಡಲು ಎದುರಾಳಿ ಅಲ್ಲೇ, ಅದೇ ದಿನ, ಅವನೂ ತಲೆ ಓಡಿಸುತ್ತಾ ಇರಬೇಕು. ‘ಮಣ್ಣು ಮುಕ್ಕಿಸು’ ಅಂದರೆ ಸೋಲಿಸಿದ್ದಷ್ಟೇ ಆಯಿತು, ತೋಳಿಂದಲೋ ತಲೆಯಿಂದಲೋ ಗೊತ್ತಾಗೋದಿಲ್ಲ. ‘ಚಳ್ಳೆಹಣ್ಣು ತಿನ್ನಿಸು’ ಹತ್ತಿರ ಬಂತು. ಆದರೆ ಅದರಲ್ಲಿ ಕಳ್ಳತನದ ವಾಸನೆ ಇದೆ. ಪೊಲೀಸರಿಗೆ ಚಳ್ಳೆಹಣ್ಣು ತಿನ್ನಿಸಿ ಪರಾರಿಯಾದ ಅಂತ ಓದಿ ಓದಿ, ಆ ಮಾತು ಓಡಿಹೋಗುವವರ ಪಾಲಾಗಿಬಿಟ್ಟಿದೆ.

ಕೊನೆಗೆ ಸಿಕ್ಕಿದ್ದು ಪದ ಅಲ್ಲ, ಗಾದೆ. ‘ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರ್ತೀನಿ.’ ಇದರಲ್ಲಿ ಎಲ್ಲ ಇದೆ. ಎದುರಾಳಿ ಇದ್ದಾನೆ. ಅವನೂ ದಡ್ಡನಲ್ಲ, ಚಾಪೆ ಕೆಳಗೆ ತೂರುವಷ್ಟು ಜಾಣ. ಅವನ ಪಟ್ಟನ್ನು ನೋಡಿಯೇ ನನ್ನ ಪಟ್ಟು. ತೋಳ್ಬಲದ ಸುದ್ದಿಯೇ ಇಲ್ಲ. ಯಾರು ಗೆದ್ದರು ಅಂತಲೂ ಹೇಳೋದಿಲ್ಲ. ಇಂಗ್ಲಿಷಿನವರು ಒಂದೇ ಪದದಲ್ಲಿ ತುಂಬಿದ್ದನ್ನು ನಮ್ಮವರು ನೆಲದ ಮೇಲೆ ಚಾಪೆ ಹಾಸಿ, ರಂಗೋಲಿ ಬಿಡಿಸಿ ತೋರಿಸಿದ್ದಾರೆ. ಕಷ್ಟ ಏನೆಂದರೆ, ಗಂಭೀರವಾದ ಲೇಖನದ ನಡುವೆ ನೆಪೋಲಿಯನ್‌ನನ್ನು ರಂಗೋಲಿ ಕೆಳಗೆ ತೂರಿಸೋದು ಹೇಗೆ?

ಅದಕ್ಕೆ ಮೊದಲು ಪದವನ್ನೇ ಪರೀಕ್ಷೆ ಮಾಡೋಣ ಅಂತ ಹಳೆಯ ಯುದ್ಧಗಳನ್ನು ಒಂದೊಂದಾಗಿ ತೆಗೆದೆ. ಯಾವುದಕ್ಕೆ ಈ ಪದ ಕೂರುತ್ತದೆ, ಯಾವುದಕ್ಕೆ ಕೂರೋದಿಲ್ಲ ಅಂತ. ಅನುವಾದ ಮೂಲೆಗೆ ಬಿತ್ತು.

ಎಲ್ಲಕ್ಕಿಂತ ಚೆನ್ನಾಗಿ ಕೂತದ್ದು ಎತ್ತುಗಳ ಕತೆ. ಕ್ರಿಸ್ತಪೂರ್ವ 217. ಉತ್ತರ ಆಫ್ರಿಕಾದ ಕಾರ್ತೇಜಿನ ಹ್ಯಾನಿಬಾಲ್ ಇಟಲಿಯೊಳಗೆ ನುಗ್ಗಿ ರೋಮನ್ನರನ್ನು ಒಂದಾದ ಮೇಲೊಂದು ಕಡೆ ಬಡಿದಿದ್ದ. ರೋಮ್ ದಿಕ್ಕು ತೋಚದೆ ಫೇಬಿಯಸ್ ಅನ್ನುವ ಹಿರಿಯನ ಕೈಗೆ ಪೂರ್ತಿ ಅಧಿಕಾರ ಕೊಟ್ಟಿತು. ಫೇಬಿಯಸ್ ಒಂದು ವಿಚಿತ್ರ ತೀರ್ಮಾನ ಮಾಡಿದ. ಈ ಮನುಷ್ಯನ ಜೊತೆ ಬಯಲಲ್ಲಿ ಕಾದಾಡಬಾರದು. ಬೆಟ್ಟದ ಮೇಲೇ ಇರಬೇಕು, ಹಿಂದೆ ಹಿಂದೆಯೇ ಹೋಗಬೇಕು, ಮೇವು ತರಲು ಹೋದವರನ್ನು ಹಿಡಿಯಬೇಕು, ಆದರೆ ದೊಡ್ಡ ಕಾಳಗಕ್ಕೆ ಸಿಗಬಾರದು. ರೋಮನ್ನರಿಗೆ ಇದು ನಾಚಿಕೆಗೇಡು ಅನಿಸಿತು. ಅವನಿಗೆ ಕೊನೆಗೆ ಅಂಟಿಕೊಂಡ ಬಿರುದೂ ‘ತಡಮಾಡುವವ’ ಅಂತಲೇ.

ಹೀಗೆ ತಡಮಾಡುತ್ತಲೇ ಆತ ಹ್ಯಾನಿಬಾಲ್‌ನನ್ನು ಕಂಪಾನಿಯಾದ ಫಾಲೆರ್ನಿಯನ್ ಬಯಲಿನಲ್ಲಿ ಸಿಕ್ಕಿಸಿಬಿಟ್ಟ. ಹೊರಗೆ ಹೋಗುವ ಕಣಿವೆಯಲ್ಲಿ ಸುಮಾರು 4,000 ಜನರನ್ನು ಕೂರಿಸಿದ. ತಾನು ದಂಡಿನೊಂದಿಗೆ ಪಕ್ಕದ ಗುಡ್ಡದ ಮೇಲೆ ಕೂತ. ಹ್ಯಾನಿಬಾಲ್‌ನ ಹತ್ತಿರ ಲೂಟಿ ಮಾಡಿದ ದನಗಳ ದೊಡ್ಡ ಮಂದೆ ಇತ್ತು. ಅದರಲ್ಲಿ ಸುಮಾರು 2,000 ಎತ್ತುಗಳನ್ನು ಆರಿಸಿದ. ಕೊಂಬಿಗೆ ಒಣ ಪುಳ್ಳೆ ಕಟ್ಟಿಸಿದ. ನಡುರಾತ್ರಿ ಬೆಂಕಿ ಹಚ್ಚಿ ಗುಡ್ಡದ ಏಣಿನ ಕಡೆ ಅಟ್ಟಿಸಿದ. ಕಣಿವೆ ಕಾಯುತ್ತಿದ್ದವರಿಗೆ ಕಂಡದ್ದು ಗುಡ್ಡದ ಮೇಲೆ ಸಾಲು ಸಾಲು ಪಂಜು. ಶತ್ರು ಮೇಲಿನಿಂದ ದಾಟುತ್ತಿದ್ದಾನೆ ಅಂತ ಅವರು ಜಾಗ ಬಿಟ್ಟು ಅತ್ತ ಓಡಿದರು. ಖಾಲಿಯಾದ ಕಣಿವೆಯಲ್ಲಿ ಹ್ಯಾನಿಬಾಲ್ ತನ್ನ ದಂಡು, ಲೂಟಿ ಎಲ್ಲವನ್ನೂ ಆಚೆ ದಾಟಿಸಿದ.

ಆ ಹೊತ್ತಿನಲ್ಲಿ ಫೇಬಿಯಸ್ ಏನು ಮಾಡಿದ? ಸುಮ್ಮನೆ ಇದ್ದ. ಕತ್ತಲಲ್ಲಿ ಏನೋ ಮೋಸ ಇದೆ ಅಂತ ಅವನಿಗೆ ಅನುಮಾನ ಬಂದಿತ್ತು. ಬೆಳಗಾಗುವವರೆಗೆ ಬಿಡಾರ ಬಿಟ್ಟು ಕದಲಲಿಲ್ಲ. ಈ ಕತೆಯಲ್ಲಿ ನನಗೆ ತುಂಬಾ ಹಿಡಿಸಿದ್ದು ಎತ್ತುಗಳಿಗಿಂತ ಇದೇ. ಹ್ಯಾನಿಬಾಲ್ ಇಬ್ಬರನ್ನು ಓದಿದ್ದ. ಕಾವಲಿನವರು ಅವಸರಪಡುತ್ತಾರೆ, ಅವರ ಯಜಮಾನ ಅವಸರಪಡೋದಿಲ್ಲ. ಎರಡೂ ಅವನಿಗೆ ಬೇಕಿತ್ತು. ಎದುರಾಳಿಯ ದಡ್ಡತನವನ್ನು ಬಳಸಿಕೊಳ್ಳೋದು ದೊಡ್ಡ ವಿಷಯ ಅಲ್ಲ. ಎದುರಾಳಿಯ ಜಾಣತನವನ್ನೇ ಅವನ ಕಾಲಿಗೆ ಹಗ್ಗ ಮಾಡೋದಿದೆಯಲ್ಲ, ಅಲ್ಲಿ ಔಟ್‌ಜನರಲ್ ಅನ್ನುವ ಪದಕ್ಕೆ ಪೂರ್ತಿ ಕೂಲಿ ಸಿಗುತ್ತದೆ.

ಆದರೆ ಇಲ್ಲೇ ಒಂದು ತೊಡಕೂ ಇದೆ. ಆ ರಾತ್ರಿ ಫೇಬಿಯಸ್ ಪೆಟ್ಟು ತಿಂದ, ಸರಿ. ಮರುವರ್ಷ ರೋಮನ್ನರು ಅವನ ನಿಧಾನವನ್ನು ಬದಿಗಿಟ್ಟು ಕ್ಯಾನೆ ಅನ್ನುವಲ್ಲಿ ಹ್ಯಾನಿಬಾಲ್‌ಗೆ ಎದುರಾದರು. ಅವರ ದಂಡೇ ತುಂಬಾ ದೊಡ್ಡದು. ಹ್ಯಾನಿಬಾಲ್ ನಡುವಿನ ಸಾಲನ್ನು ಹಿಂದಕ್ಕೆ ಬಾಗಲು ಬಿಟ್ಟು, ಎರಡೂ ಬದಿಯಿಂದ ಮುಚ್ಚಿ, ಇಡೀ ಸೇನೆಯನ್ನು ಚೀಲದಲ್ಲಿ ಹಾಕಿಕೊಂಡ. ಆಮೇಲೆ ರೋಮ್‌ಗೆ ಬುದ್ಧಿ ಬಂತು. ಮತ್ತೆ ಫೇಬಿಯಸ್‌ನ ದಾರಿಗೇ ಮರಳಿತು. ಹಾಗಾದರೆ ಯಾರು ಯಾರನ್ನು ಮೀರಿಸಿದ್ದು? ಒಂದು ರಾತ್ರಿಯ ಲೆಕ್ಕದಲ್ಲಿ ಹ್ಯಾನಿಬಾಲ್. ಹತ್ತಾರು ವರ್ಷದ ಲೆಕ್ಕದಲ್ಲಿ ಆ ತಡಮಾಡುವ ಮುದುಕ. ಈ ಪದವನ್ನು ಬಳಸುವವರು ಎಷ್ಟು ಹೊತ್ತಿನ ಮಾತು ಅಂತ ಹೇಳದೆ ಇದ್ದರೆ ಅರ್ಧ ವಾಕ್ಯ ನುಂಗಿದ ಹಾಗೆ. ಮುಂದೆ ರೋಮಿನ ಸೇನಾಪತಿ ಸಿಪಿಯೋ ಬಂದು, ಇಟಲಿಯಲ್ಲಿ ಹ್ಯಾನಿಬಾಲ್‌ನ ಬೆನ್ನು ಹತ್ತೋದು ಬಿಟ್ಟು ನೇರ ಆಫ್ರಿಕಾಕ್ಕೇ ಹೋಗಿ, ಕ್ರಿಸ್ತಪೂರ್ವ 202ರಲ್ಲಿ ಜಾಮಾದಲ್ಲಿ ಅವನನ್ನು ಸೋಲಿಸಿದ. ಮೈಮೇಲೆ ಬರುತ್ತಿದ್ದ ಆನೆಗಳಿಗೆ ಸಾಲುಗಳ ನಡುವೆ ಓಣಿ ಬಿಟ್ಟು ದಾರಿ ಕೊಟ್ಟ. ಹ್ಯಾನಿಬಾಲ್‌ನಿಂದಲೇ ಕಲಿತವನು ಅವನು. ಇಲ್ಲಿ ‘ಗುರುವನ್ನು ಮೀರಿಸಿದ ಶಿಷ್ಯ’ ಅಂದರೆ ಒಪ್ಪುತ್ತದೆ.

ನಮ್ಮ ಕಡೆಯದೂ ಬೇಕಲ್ಲ. 1769ರ ಹೈದರ್ ಅಲಿಯ ಮದ್ರಾಸ್ ಸವಾರಿ ತೆಗೆದುಕೊಳ್ಳಿ. ಇಂಗ್ಲಿಷರ ಕರ್ನಲ್ ಸ್ಮಿತ್ ಹಿಂಬಾಲಿಸುತ್ತಿದ್ದ. ಸ್ಮಿತ್ ಒಳ್ಳೆಯ ಸೇನಾನಿ, ಬಯಲಿನ ಕದನದಲ್ಲಿ ಹೈದರನಿಗೆ ಪೆಟ್ಟು ಕೊಟ್ಟವನು. ಹೈದರ್ ಅವನನ್ನು ಅತ್ತಿತ್ತ ಎಳೆದಾಡಿಸಿ ಮದ್ರಾಸಿನಿಂದ ದೂರ ಕರೆದುಕೊಂಡು ಹೋದ. ಆಮೇಲೆ ತನ್ನ ಮುಖ್ಯ ದಂಡು, ತೋಪು, ಸಾಮಾನು ಎಲ್ಲವನ್ನೂ ಘಟ್ಟದ ಕಡೆ ಕಳಿಸಿಬಿಟ್ಟ. ಆರಿಸಿದ ಸುಮಾರು 6,000 ಕುದುರೆ ಸವಾರರನ್ನು ಇಟ್ಟುಕೊಂಡು ಮೂರು ಮೂರೂವರೆ ದಿನದಲ್ಲಿ 200 ಕಿಲೋಮೀಟರಿನಷ್ಟು ದಾರಿ ಓಡಿ ಮದ್ರಾಸಿನ ಬಾಗಿಲಲ್ಲಿ ನಿಂತ. ಕೋಟೆ ಒಡೆಯುವ ತೋಪು ಅವನ ಹತ್ತಿರ ಇರಲಿಲ್ಲ. ಅದು ಬೇಕಾಗಿಯೂ ಇರಲಿಲ್ಲ. ಕೋಟೆಯ ಹೊರಗೆ ಕಂಪನಿಯವರ ತೋಟದ ಮನೆಗಳಿದ್ದವು, ಊರಿತ್ತು, ವ್ಯಾಪಾರ ಇತ್ತು. ಮಾತುಕತೆ ನಡೆಯುವವರೆಗೆ ಸ್ಮಿತ್ ಇದ್ದಲ್ಲೇ ಇರಲಿ ಅಂತ ಕಂಪನಿಯವರಿಂದಲೇ ಆಜ್ಞೆ ಕಳಿಸುವ ಹಾಗೆ ಮಾಡಿದ. ಏಪ್ರಿಲ್ ಮೊದಲ ವಾರದಲ್ಲಿ ಒಪ್ಪಂದ ಆಯಿತು. ಬೆನ್ನಟ್ಟಿದ ಸೇನೆ ಸೋಲಲೇ ಇಲ್ಲ. ಅದು ಲೆಕ್ಕಕ್ಕೇ ಬರಲಿಲ್ಲ. ಇಂಥ ಕಡೆ ‘ಸೋಲಿಸಿದ’ ಅಂತ ಬರೆದರೆ ತಪ್ಪು, ಯಾಕೆಂದರೆ ಅಂಥ ಕಾಳಗವೇ ನಡೆದಿಲ್ಲ.

ಅದಕ್ಕೂ ನಲವತ್ತು ವರ್ಷ ಹಿಂದೆ ಪೇಶ್ವೆ ಬಾಜಿರಾಯ ಇದೇ ಆಟ ಆಡಿದ್ದ. ಎದುರಿಗೆ ನಿಜಾಮ್ ಉಲ್ ಮುಲ್ಕ್, ಔರಂಗಜೇಬನ ಕಾಲದ ಪಳಗಿದ ಕೈ. ಬಾಜಿರಾಯನಿಗೆ ಆಗ 27 ವರ್ಷ. ನಿಜಾಮ ಪುಣೆಗೇ ಬಂದು ಕೂತ. ಯಾರಾದರೂ ಮನೆ ಉಳಿಸಿಕೊಳ್ಳಲು ಓಡಿ ಬರುತ್ತಾರೆ, ಅಲ್ವಾ? ಬಾಜಿರಾಯ ಬರಲಿಲ್ಲ. ನಿಜಾಮನ ಸೀಮೆಯೊಳಗೆ ನುಗ್ಗಿ ಸುಡುತ್ತಾ, ದೋಚುತ್ತಾ ಉತ್ತರಕ್ಕೆ ಹೋದ. ಬುರ್ಹಾನ್‌ಪುರದ ಮೇಲೆ ಬೀಳುತ್ತೇನೆ ಅನ್ನುವ ಹಾಗೆ ತೋರಿಸಿ ಗುಜರಾತಿನ ಕಡೆ ಹೊರಳಿದ. ಈಗ ಓಡುವ ಸರದಿ ನಿಜಾಮನದು. ವೇಗವಾಗಿ ಓಡಬೇಕೆಂದು ತನ್ನ ಶಕ್ತಿಯಾಗಿದ್ದ ಭಾರೀ ತೋಪುಗಳನ್ನು ಹಿಂದೆ ಬಿಟ್ಟ. 1728ರ ಫೆಬ್ರವರಿಯಲ್ಲಿ ಪಾಲ್‌ಖೇಡ್ ಅನ್ನುವಲ್ಲಿ, ನೀರಿಲ್ಲದ ಕಡೆ, ಮರಾಠ ಸವಾರರು ಸುತ್ತುವರಿದಾಗ ಅವನ ಹತ್ತಿರ ದೊಡ್ಡ ಸೇನೆ ಇತ್ತು, ಕುಡಿಯಲು ನೀರಿರಲಿಲ್ಲ. ಮಾರ್ಚಿನಲ್ಲಿ ಮುಂಗಿ ಶೇವ್‌ಗಾಂವ್‌ನಲ್ಲಿ ಸಹಿ ಹಾಕಿದ. ಎದುರಾಳಿ ತನ್ನ ಬಲವನ್ನು ತಾನೇ ಕಳಚಿಟ್ಟು ಬರುವ ಹಾಗೆ ಮಾಡೋದು! ಇದಕ್ಕೆ ರಂಗೋಲಿ ಕೂಡ ಸ್ವಲ್ಪ ದಪ್ಪವೇ ಆಯಿತು.

ಈಗ ಕೂರದ ಉದಾಹರಣೆ. ಅಮೆರಿಕದ ಅಂತರ್ಯುದ್ಧ, 1862ರ ಸೆಪ್ಟೆಂಬರ್ 13. ಉತ್ತರದ ಸೇನೆಯ ಸಿಪಾಯಿಗಳಿಗೆ ಹುಲ್ಲಿನಲ್ಲಿ ಮೂರು ಚುಟ್ಟ ಸಿಕ್ಕವು. ಅದಕ್ಕೆ ಸುತ್ತಿದ್ದ ಕಾಗದ ನೋಡಿದರೆ, ದಕ್ಷಿಣದ ಜನರಲ್ ಲೀ ತನ್ನ ಸೇನೆಯನ್ನು ಎಲ್ಲೆಲ್ಲಿ ಹಂಚಿದ್ದಾನೆ ಅನ್ನುವ ಆಜ್ಞೆಯ ಪ್ರತಿ! ಉತ್ತರದ ಜನರಲ್ ಮೆಕ್ಲೆಲನ್ ಕೈಗೆ ಶತ್ರುವಿನ ಪೂರ್ತಿ ಯೋಜನೆ ಬಂದು ಬಿತ್ತು. ಆತ ಹೊರಡಲು ಹದಿನೆಂಟು ಗಂಟೆ ತೆಗೆದುಕೊಂಡ ಅಂತ ಇತಿಹಾಸಕಾರರು ಇವತ್ತಿಗೂ ಹಲ್ಲು ಕಡಿಯುತ್ತಾರೆ. ನಾಲ್ಕು ದಿನದ ಮೇಲೆ ಆಂಟಿಟಮ್ ಅನ್ನುವಲ್ಲಿ ಭೀಕರ ಕಾಳಗ ನಡೆದು ಲೀ ಹಿಂದೆ ಸರಿದ. ಮೆಕ್ಲೆಲನ್ ಲೀಯನ್ನು ಔಟ್‌ಜನರಲ್ ಮಾಡಿದ ಅಂತ ಯಾರೂ ಬರೆಯೋದಿಲ್ಲ. ಚುಟ್ಟ ಮಾಡಿದ ಕೆಲಸಕ್ಕೆ ಆ ಪದ ಸಲ್ಲೋದಿಲ್ಲ.

ಅದೇ ಲೀ ಮರುವರ್ಷ ಚಾನ್ಸಲರ್ಸ್‌ವಿಲ್‌ನಲ್ಲಿ, ಸುಮಾರು 60,000 ಜನ ಇಟ್ಟುಕೊಂಡು, ಅದರ ಎರಡರಷ್ಟು ಜನರಿದ್ದ ಉತ್ತರದ ಜನರಲ್ ಹೂಕರ್‌ನನ್ನು ದಿಕ್ಕೆಡಿಸಿದ. ಇದ್ದದ್ದೇ ಕಡಿಮೆ ಸೇನೆ, ಅದನ್ನೂ ಒಡೆದ. ಒಡೆದದ್ದನ್ನು ಮತ್ತೆ ಒಡೆದು ತನ್ನ ಕೈಕೆಳಗಿನ ಜಾಕ್ಸನ್‌ನನ್ನು ಕಾಡಿನ ದಾರಿಯಲ್ಲಿ ಸುತ್ತಿಸಿ ಶತ್ರುವಿನ ಬದಿಗೆ ಬೀಳಿಸಿದ. ಪುಸ್ತಕಗಳಲ್ಲಿ ಈ ಪದ ಇಲ್ಲಿ ತಪ್ಪದೆ ಬರುತ್ತದೆ. ಅದಕ್ಕೇ 1864ರ ಜೂನ್ ನನಗೆ ಇಷ್ಟ. ಉತ್ತರದ ಜನರಲ್ ಗ್ರಾಂಟ್ ಅಂದರೆ ಜನರನ್ನು ಬಲಿಕೊಡುವ ಒರಟ ಅಂತ ಹೆಸರಾಗಿತ್ತು. ಆತ ಒಂದು ರಾತ್ರಿ ಲೀಯ ಎದುರಿನ ಕಂದಕಗಳನ್ನು ಸದ್ದಿಲ್ಲದೆ ಖಾಲಿ ಮಾಡಿ, ಜೇಮ್ಸ್ ನದಿಗೆ ಸುಮಾರು 2,100 ಅಡಿ ಉದ್ದದ ದೋಣಿ ಸೇತುವೆ ಕಟ್ಟಿಸಿ, ಸೇನೆಯನ್ನೇ ಆಚೆ ದಾಟಿಸಿದ. ಲೀಗೆ ಒಂದೆರಡು ದಿನ ಎದುರಾಳಿ ಎಲ್ಲಿದ್ದಾನೆ ಅಂತಲೇ ಖಾತ್ರಿ ಇರಲಿಲ್ಲ. ಲೀಯಂಥವನೂ ಪೆಟ್ಟು ತಿಂದ. ಆದರೆ ಮುಂದೆ ಹೋದ ಗ್ರಾಂಟ್‌ನ ಕೆಳಗಿನವರು ಪೀಟರ್ಸ್‌ಬರ್ಗ್ ಎದುರು ತಡವರಿಸಿ ಅವಕಾಶ ಹಾಳುಮಾಡಿದರು. ಒಂಬತ್ತು ತಿಂಗಳ ಮುತ್ತಿಗೆ ಬಿತ್ತು. ತಲೆ ಗೆದ್ದಿತು, ಕೈ ಕೈಕೊಟ್ಟಿತು.

ಈ ಪದದ ಬಳಕೆಯ ಬಗ್ಗೆ ಇನ್ನೊಂದು ಮಾತು. ಇಂಗ್ಲಿಷಿನಲ್ಲಿ ಇದು ಹೆಚ್ಚಾಗಿ ಸೋತವನ ಕಡೆಯಿಂದಲೇ ಬರುತ್ತದೆ. ಹೂಕರ್ ಔಟ್‌ಜನರಲ್ ಮಾಡಲ್ಪಟ್ಟ, ಅನ್ನುವ ರೀತಿ. ‘ಮಾಡಲ್ಪಟ್ಟ’ ಅನ್ನುವ ಕನ್ನಡ ಓದಿದರೆ ನನಗೆ ಹಲ್ಲಿನಲ್ಲಿ ಕಲ್ಲು ಸಿಕ್ಕ ಹಾಗಾಗುತ್ತದೆ. ಅದು ಸರ್ಕಾರಿ ಸುತ್ತೋಲೆಯ ಭಾಷೆ. ನಮ್ಮ ಮಾತಿನಲ್ಲಿ ಇಂಥದನ್ನೆಲ್ಲ ನಾವು ತಿನ್ನುತ್ತೇವೆ. ಏಟು ತಿನ್ನುತ್ತೇವೆ, ಬೈಗುಳ ತಿನ್ನುತ್ತೇವೆ, ಚಳ್ಳೆಹಣ್ಣೂ ತಿನ್ನುತ್ತೇವೆ. ಇಲ್ಲದಿದ್ದರೆ ಹೋಗುತ್ತೇವೆ: ಮೋಸ ಹೋದ, ಬೇಸ್ತು ಹೋದ. ನಾನು ಮೇಲೆ ಎರಡು ಕಡೆ ‘ಪೆಟ್ಟು ತಿಂದ’ ಅಂತ ಬರೆದಿದ್ದೇನಲ್ಲ, ಅದು ಯೋಚಿಸಿ ಬರೆದದ್ದಲ್ಲ, ತಾನಾಗಿ ಬಂದದ್ದು. ಕಾಗುಣಿತದ ಜಗಳವೂ ಇದೆ. ಭೂತಕಾಲದಲ್ಲಿ ಅಮೆರಿಕದವರು ಕೊನೆಗೆ ಒಂದು ‘ಎಲ್’ ಹಾಕುತ್ತಾರೆ, ಬ್ರಿಟಿಷರು ಎರಡು. ಕನ್ನಡ ಲಿಪಿಯಲ್ಲಿ ಬರೆಯುವ ನಮಗೆ ಆ ತಾಪತ್ರಯ ಇಲ್ಲ.

ಈಗೀಗ ಇದನ್ನು ಚುನಾವಣೆಗೆ, ಕಂಪನಿಗಳ ಪೈಪೋಟಿಗೆ, ಆಟದ ಮೈದಾನಕ್ಕೆ ಎಲ್ಲ ಬಳಸುತ್ತಾರೆ. ಬಳಸಲಿ. ಒಬ್ಬ ನಾಯಕ, ಅವನ ಹಿಂದೆ ಒಂದು ಪಡೆ, ಎದುರಿಗೆ ಅಂಥದೇ ಇನ್ನೊಬ್ಬ, ಇಷ್ಟಿದ್ದರೆ ಪದ ಒಗ್ಗುತ್ತದೆ. ಒಂಟಿಯಾಗಿ ಚದುರಂಗ ಆಡುವವರಿಗೆ ಬಳಸಿದಾಗ ಮಾತ್ರ ನನಗೆ ಇರುಸುಮುರುಸು. ಚದುರಂಗದ ಕಾಲಾಳಿಗೆ ಹಸಿವಾಗೋದಿಲ್ಲ, ಆಜ್ಞೆ ತಪ್ಪಾಗಿ ಕೇಳಿಸೋದಿಲ್ಲ. ಗ್ರಾಂಟ್‌ಗೆ ಕೈಕೊಟ್ಟದ್ದು ಅಂಥದೇ ಅಲ್ವಾ?

ಒಂದು ಅನುಮಾನ ಮಾತ್ರ ಹೋಗಿಲ್ಲ. ಈ ತೀರ್ಪು ಕೊಡುವವರು ನೂರಾರು ವರ್ಷ ಆಮೇಲೆ, ಎರಡೂ ಕಡೆಯ ನಕ್ಷೆ ಮುಂದಿಟ್ಟುಕೊಂಡು, ಕುರ್ಚಿಯಲ್ಲಿ ಕೂತವರು. ನನ್ನ ಹಾಗೆ. ಫಾಲೆರ್ನಿಯನ್ ಬಯಲಿನ ಕತ್ತಲಲ್ಲಿ ನಿಂತವನಿಗೆ ಎತ್ತೂ ಒಂದೇ, ಸಿಪಾಯಿಯೂ ಒಂದೇ.

ಇಷ್ಟೆಲ್ಲ ಆದ ಮೇಲೆ ಒಂಬತ್ತನೇ ಪುಟಕ್ಕೆ ಮರಳಿದೆ. 1814ರ ಫೆಬ್ರವರಿ. ನೆಪೋಲಿಯನ್ ಹತ್ತಿರ ಇದ್ದದ್ದು ಸುಮಾರು 30,000 ಜನ, ಅವರಲ್ಲಿ ಮೀಸೆ ಚಿಗುರದ ಹುಡುಗರೇ ಬಹಳ. ಎದುರಿಗೆ ಪ್ರಷ್ಯದ ಮುದುಕ ಬ್ಲೂಷರ್, ತನ್ನ ದೊಡ್ಡ ಸೇನೆಯನ್ನು ದಾರಿಯುದ್ದಕ್ಕೂ ಚೆಲ್ಲಿಕೊಂಡು ಪ್ಯಾರಿಸ್ ಕಡೆ ಬರುತ್ತಿದ್ದ. ನೆಪೋಲಿಯನ್ ಆ ಸಾಲಿನ ನಡುವೆ ನುಗ್ಗಿದ. 10ರಂದು ಶಾಂಪೋಬೆರ್, 11ರಂದು ಮೊಂಮಿರಾಯ್, 12ರಂದು ಶಾತೋ ತಿಯೆರಿ, 14ರಂದು ವೋಶಾಂ. ಐದು ದಿನ, ನಾಲ್ಕು ಕಡೆ, ತುಂಡು ತುಂಡಾಗಿ ಬಡಿದ. ಇಷ್ಟರ ಮಟ್ಟಿಗೆ ಲೇಖನದ ಮಾತು ನಿಜ.

ಆದರೆ ಮುಂದಿನದನ್ನು ಓದುತ್ತಾ ನನಗೆ ಬೇರೆಯೇ ಅನಿಸತೊಡಗಿತು. ಹಿಂದಿನ ವರ್ಷವೇ ಅವನ ಶತ್ರುಗಳು ಟ್ರಾಖೆನ್‌ಬೆರ್ಗ್ ಅನ್ನುವಲ್ಲಿ ಕೂತು ಒಂದು ಯೋಜನೆ ಮಾಡಿದ್ದರು. ನೆಪೋಲಿಯನ್ ಖುದ್ದಾಗಿ ಇರುವ ಕಡೆ ಕಾದಾಡಬೇಡಿ, ಹಿಂದೆ ಸರಿಯಿರಿ. ಅವನ ಮಾರ್ಷಲ್‌ಗಳು ಒಂಟಿಯಾಗಿ ಸಿಕ್ಕ ಕಡೆ ಬಡಿಯಿರಿ. ಇವನ ಮುಂದೆ ನಮ್ಮ ತಲೆ ಓಡೋದಿಲ್ಲ ಅಂತ ನಾಚಿಕೆ ಬಿಟ್ಟು ಒಪ್ಪಿಕೊಂಡು ಮಾಡಿದ ಯೋಜನೆ. ಫೇಬಿಯಸ್‌ನ ಮೊಮ್ಮಕ್ಕಳು! 1814ರ ಮಾರ್ಚಿನಲ್ಲಿ ನೆಪೋಲಿಯನ್ ಅವರ ಹಿಂಬದಿಗೆ ಹೋದ. ಸಾಮಾನು ಸರಂಜಾಮಿನ ದಾರಿ ಕಡಿದರೆ ಹೆದರಿ ತನ್ನ ಹಿಂದೆ ಬರುತ್ತಾರೆ, ಪ್ಯಾರಿಸ್ ಉಳಿಯುತ್ತದೆ ಅನ್ನುವ ಲೆಕ್ಕ. ಬಾಜಿರಾಯನಿಗೆ ಫಲಿಸಿದ ಲೆಕ್ಕವೇ. ಅದನ್ನು ಹೆಂಡತಿಗೆ ಕಾಗದದಲ್ಲಿ ಬರೆದ. ಕಾಗದ ಶತ್ರುಗಳ ಕೈಗೆ ಸಿಕ್ಕಿತು. ಮತ್ತೆ ಚುಟ್ಟದ ಕತೆ ಅನ್ನೋಣ ಅಂದರೆ, ಅವರು ಮೆಕ್ಲೆಲನ್‌ನ ಹಾಗೆ ಮೀನಮೇಷ ಎಣಿಸುತ್ತಾ ಕೂರಲಿಲ್ಲ. ಅವನನ್ನು ಕಟ್ಟಿಹಾಕಲು ಒಂದಷ್ಟು ಕುದುರೆ ದಂಡು ಬಿಟ್ಟು, ಬೆನ್ನು ತಿರುಗಿಸಿ, ನೇರ ಪ್ಯಾರಿಸ್‌ಗೆ ನಡೆದರು. ಮಾರ್ಚ್ 31ಕ್ಕೆ ಒಳಗಿದ್ದರು. ಏಪ್ರಿಲ್‌ನಲ್ಲಿ ಆತ ಪಟ್ಟ ಬಿಟ್ಟ.

ಫೆಬ್ರವರಿಯಲ್ಲಿ ಅವನು ಚಾಪೆ ಕೆಳಗೆ ತೂರಿದ. ಮಾರ್ಚಿನಲ್ಲಿ ಅವರು?

ಗೆಳೆಯನಿಗೆ ಫೋನ್ ಮಾಡಿ, ಲೇಖಕರ ವಾಕ್ಯವೇ ಸರಿಯಿಲ್ಲ ಅಂದೆ. ‘ನೀನು ಅನುವಾದ ಮಾಡು, ತಿದ್ದಬೇಡ’ ಅಂದ. ಆಯಿತು ಅಂತ ಹೀಗೆ ಬರೆದು ಕಳಿಸಿದೆ: ‘ದಂಡು ನಡೆಸುವ ಜಾಣ್ಮೆಯಲ್ಲಿ ನೆಪೋಲಿಯನ್ ಆ ಚಳಿಗಾಲ ತನ್ನ ಎದುರಾಳಿಗಳನ್ನು ಮತ್ತೆ ಮತ್ತೆ ಮೀರಿಸಿದ. ಅವರು ಚಾಪೆ ಕೆಳಗೆ ತೂರಿದರೆ ಅವನು ರಂಗೋಲಿ ಕೆಳಗೆ ತೂರುತ್ತಿದ್ದ. ಆದರೂ ಯುದ್ಧ ಸೋತ.’ ಒಂದು ಸಾಲಿಗೆ ಮೂರು ಸಾಲು.

ಅಚ್ಚಾಗಿ ಬಂದಾಗ ನೋಡಿದೆ. ರಂಗೋಲಿಯ ಸಾಲನ್ನು ಹೊಡೆದುಹಾಕಿದ್ದ.